ಡಿಕಿಯ ಕನ್ನಡಕ

ಆರು ತಿಂಗಳೊಳಗೆ ಕನ್ನಡಕ ಹಾಕಿಕೊಳ್ಳದಿದ್ದರೆ ಈ ಮಗುವಿನ ನೇರನೋಟದ ಶಕ್ತಿ ಶಾಶ್ವತವಾಗಿ ಹೋಗುತ್ತದೆ ಎಂದು ಕಣ್ಣಿನ ವೈದ್ಯರು ಹೇಳಿಬಿಟ್ಟಿದ್ದರು. ಮಗುವಿಗೆ ಮೂರೂವರೆ ವರ್ಷ. ಸಂಶೋಧನಾ ಬರಹದಲ್ಲಿ ಅವನಿಗಿಟ್ಟ ಹೆಸರು ಡಿಕಿ. ವರ್ಷ ತುಂಬುವ ಮೊದಲೇ ಕಣ್ಣಿಗೆ ಪೊರೆ ಬಂದು, ಎರಡನೆಯ ವರ್ಷದಲ್ಲಿ ಮಸೂರಗಳನ್ನೇ ತೆಗೆಯಬೇಕಾಗಿ ಬಂದಿತ್ತು. ಅಂಥ ಮಗುವಿಗೆ ಆ ಕಾಲದಲ್ಲಿ ಕನ್ನಡಕವೊಂದೇ ಗತಿ. ಆದರೆ ಡಿಕಿ ಅದನ್ನು ಮುಖದ ಹತ್ತಿರ ತರಲೂ ಬಿಡುತ್ತಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಅಪ್ಪ ಅಮ್ಮ ಪ್ರಯತ್ನಿಸಿ ಸೋತಿದ್ದರು. ರಚ್ಚೆ ಹಿಡಿದರೆ ತಲೆ ಚಚ್ಚಿಕೊಳ್ಳುತ್ತಿದ್ದ, ಕೂದಲು ಕಿತ್ತುಕೊಳ್ಳುತ್ತಿದ್ದ, ಮುಖ ಪರಚಿಕೊಳ್ಳುತ್ತಿದ್ದ. ರಾತ್ರಿ ಮಲಗಬೇಕಾದರೆ ಹಾಸಿಗೆಯ ಪಕ್ಕದಲ್ಲಿ ಹೆತ್ತವರಲ್ಲಿ ಒಬ್ಬರಾದರೂ ಕಾವಲಿರಬೇಕು. ಅವನಿಗೆ ಆಟಿಸಂ ಇತ್ತು.

ಇದು ಅರವತ್ತರ ದಶಕದ ಆರಂಭ, ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಸ್ಟರ್ನ್ ಸ್ಟೇಟ್ ಆಸ್ಪತ್ರೆಯಲ್ಲಿ ನಡೆದದ್ದು. ಡಿಕಿಗಾಗಿ ಕೆಲಸ ಮಾಡಿದ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಹೇಡನ್ ಮೀಸ್ ಎಂಬ ಮೂವರು 1964ರಲ್ಲಿ ಅದರ ವರದಿ ಪ್ರಕಟಿಸಿದರು. ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲೂ ಆಟಿಸಂ ಇರುವ ಮಕ್ಕಳ ತಂದೆ ತಾಯಿಯರ ಕಿವಿಗೆ ಬೀಳುವ ‘ಎಬಿಎ’ ಎಂಬ ಮೂರಕ್ಷರದ ಚಿಕಿತ್ಸೆ, ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಬೆಳೆದು ಬಂದ ದಾರಿಯಲ್ಲಿ ಈ ವರದಿ ಒಂದು ಮುಖ್ಯ ಮೈಲಿಗಲ್ಲು. ನಡವಳಿಕೆಗೆ ಮೊದಲು ಏನಾಗುತ್ತದೆ, ನಂತರ ಏನಾಗುತ್ತದೆ ಎಂಬುದನ್ನು ಗಮನಿಸಿ, ಆ ಸುತ್ತಲಿನ ಸಂಗತಿಗಳನ್ನು ಬದಲಿಸಿ, ಕಲಿಕೆಯನ್ನು ಸಾಧ್ಯವಾಗಿಸುವ ವಿಧಾನವಿದು. ಇದರ ಹಲವು ತಂತ್ರಗಳು ಡಿಕಿಯ ಕತೆಯಲ್ಲೇ ಸಿಗುತ್ತವೆ. ಇದರ ಅಪಾಯಗಳ ಸುಳಿವೂ ಅಲ್ಲೇ ಇದೆ.

ಅವರು ಕನ್ನಡಕವನ್ನು ಬಲವಂತವಾಗಿ ಕಣ್ಣಿಗೇರಿಸಲು ಹೋಗಲಿಲ್ಲ. ಮೊದಲಿಗೆ ಟಿಕ್ ಎಂದು ಸದ್ದು ಮಾಡುವ ಒಂದು ಆಟಿಕೆ ತಂದರು. ಟಿಕ್ ಎಂದ ಕೂಡಲೇ ಮಿಠಾಯಿಯ ಅಥವಾ ಹಣ್ಣಿನ ಪುಟ್ಟ ತುಂಡು. ಕೆಲವು ದಿನಗಳಲ್ಲಿ ಆ ಸದ್ದೇ ಡಿಕಿಗೆ ಒಳ್ಳೆಯ ಸುದ್ದಿಯಾಯಿತು. ಕೇಳಿದೊಡನೆ ತಿಂಡಿಯ ಬಟ್ಟಲಿನ ಕಡೆ ಹೋಗುತ್ತಿದ್ದ. ಆಮೇಲೆ ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಡಿಕಿ ಒಂದನ್ನು ಎತ್ತಿಕೊಂಡರೆ ಟಿಕ್. ಎತ್ತಿಕೊಳ್ಳುವುದು ಅಭ್ಯಾಸವಾದ ಮೇಲೆ ಅಷ್ಟಕ್ಕೇ ಸದ್ದಿಲ್ಲ, ಕೈಯಲ್ಲಿ ಹಿಡಿದುಕೊಂಡಿರಬೇಕು. ಅದಾದ ಮೇಲೆ ಹಿಡಿದು ಓಡಾಡಬೇಕು. ಅದಾದ ಮೇಲೆ ಮುಖದ ಹತ್ತಿರ ತರಬೇಕು. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಇಪ್ಪತ್ತು ನಿಮಿಷ.

ಇದನ್ನು ಶೇಪಿಂಗ್ ಎನ್ನುತ್ತಾರೆ. ಗುರಿಯ ಕಡೆಗಿನ ಒಂದೊಂದು ಸಣ್ಣ ಹೆಜ್ಜೆಗೂ ಫಲ ಸಿಗುವಂತೆ ಮಾಡಿ, ಹೆಜ್ಜೆ ಗಟ್ಟಿಯಾದಂತೆ ನಿರೀಕ್ಷೆಯನ್ನು ಒಂಚೂರು ಮುಂದಕ್ಕೆ ಸರಿಸುತ್ತ ಹೋಗುವುದು. 1943ರಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮಹಡಿಯಲ್ಲಿ ಬಿ.ಎಫ್. ಸ್ಕಿನ್ನರ್ ಮತ್ತು ಸಂಗಡಿಗರು ಪಾರಿವಾಳವೊಂದಕ್ಕೆ ಮರದ ಚೆಂಡನ್ನು ಕೊಕ್ಕಿನಿಂದ ತಳ್ಳಲು ಕಲಿಸುವಾಗ ಈ ವಿಧಾನದ ಶಕ್ತಿಯನ್ನು ಕಂಡುಕೊಂಡರು. ಪಾರಿವಾಳಕ್ಕೆ ಮಾಡಿದ್ದನ್ನು ಮಗುವಿಗೆ ಮಾಡುವುದೇ ಎಂದು ಮನಸ್ಸು ಹಿಂಜರಿಯುವುದು ಸಹಜ. ಆದರೆ ಮಗು ನಡೆಯಲು ಕಲಿಯುವಾಗ ನಾವೆಲ್ಲ ಮಾಡುವುದೂ ಇದನ್ನೇ: ಮೊದಲು ಎದ್ದು ನಿಂತದ್ದಕ್ಕೆ ಚಪ್ಪಾಳೆ, ತಿಂಗಳು ಕಳೆದರೆ ಎರಡು ಹೆಜ್ಜೆ ಇಟ್ಟರೆ ಮಾತ್ರ ಚಪ್ಪಾಳೆ. ತಂತ್ರದಲ್ಲಿ ಅವಮಾನವಿಲ್ಲ. ಅದನ್ನು ಎಲ್ಲಿಗೆ ಒಯ್ಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಡಿಕಿಯ ವಿಷಯದಲ್ಲಿ ಮೊದಲ ಐದು ವಾರ ಕೆಲಸ ನಿಧಾನವಾಗಿಯೇ ಸಾಗಿತು. ಕಲಿಸುತ್ತಿದ್ದ ಆಸ್ಪತ್ರೆಯ ಸಿಬ್ಬಂದಿಗೆ ಅನುಭವವಿರಲಿಲ್ಲ. ಮಿಠಾಯಿಯೂ ಅವನಿಗೆ ಅಷ್ಟೇನೂ ಬೇಕಿರಲಿಲ್ಲ. ಕನ್ನಡಕ ತಲೆಯ ಮೇಲೆ ನಿಲ್ಲದೆ ಜಾರುತ್ತಿತ್ತು ಎಂದು ಅದರ ರೂಪವನ್ನೇ ಬದಲಿಸಿದರು, ದೊಡ್ಡ ಕಡ್ಡಿಗಳನ್ನು ಹಾಕಿ, ತಲೆಯ ಮೇಲೆ ಒಂದು ಪಟ್ಟಿ ಸೇರಿಸಿ, ಟೋಪಿಯಂತೆ ಏರಿಸಿಕೊಳ್ಳಲು ಬರುವ ಹಾಗೆ ಮಾಡಿದರು. ಮಗು ಕಲಿಯದಿದ್ದಾಗ ಮಗುವನ್ನು ದೂರದೆ ಕಲಿಸುವ ಬಗೆಯಲ್ಲಿ ದೋಷ ಹುಡುಕಿದ ಈ ಭಾಗ ನನಗೆ ಇಡೀ ವರದಿಯಲ್ಲೇ ಬಹಳ ಮುಖ್ಯವೆನಿಸುತ್ತದೆ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಸಂಗತಿ ಕಸಿವಿಸಿ ತರುತ್ತದೆ. ತಿಂಡಿಗೆ ಬೆಲೆ ಬರಲೆಂದು ಒಂದು ದಿನ ಬೆಳಗಿನ ಮತ್ತು ಮಧ್ಯಾಹ್ನದ ಊಟವನ್ನು ಬಹುಪಾಲು ತಡೆದರು. ಆಮೇಲೆ ಐಸ್‌ಕ್ರೀಮ್ ತಂದಾಗ ಡಿಕಿ ಕನ್ನಡಕವನ್ನು ಸರಿಯಾಗಿ ಏರಿಸಿಕೊಂಡು ಗಾಜಿನ ಮೂಲಕ ನೋಡಿದ. ದೃಷ್ಟಿ ಉಳಿಸುವ ತುರ್ತಿತ್ತು, ನಿಜ. ಆದರೂ ಮಗುವಿನ ಊಟವನ್ನು ತಡೆಹಿಡಿದು ಕಲಿಸುವುದನ್ನು ಇಂದು ಯಾವ ಚಿಕಿತ್ಸಕರಾದರೂ ಸಮರ್ಥಿಸಿದರೆ ಅಲ್ಲಿಂದ ಮಗುವನ್ನು ಎತ್ತಿಕೊಂಡು ಹೊರಡಬೇಕು. ಊಟ, ನೀರು, ನಿದ್ದೆ, ಅಪ್ಪುಗೆ ಮಗುವಿನ ಹಕ್ಕುಗಳು. ಅವನ್ನು ಸಂಪಾದಿಸಿಕೊಳ್ಳುವ ಕೆಲಸ ಮಗುವಿನದಲ್ಲ.

ಮುಂದೆ ತಿಂಡಿಯ ಅಗತ್ಯವೂ ಕಡಿಮೆಯಾಯಿತು. ಕನ್ನಡಕ ಹಾಕಿಕೋ, ಹೊರಗೆ ಹೋಗೋಣ ಎಂದರೆ ಸಾಕಾಗುತ್ತಿತ್ತು. ಆಸ್ಪತ್ರೆ ಬಿಡುವ ಹೊತ್ತಿಗೆ ಡಿಕಿ ಒಟ್ಟು 600 ಗಂಟೆಗೂ ಹೆಚ್ಚು ಕಾಲ ಕನ್ನಡಕ ಧರಿಸಿದ್ದ. ದಿನಕ್ಕೆ ಸುಮಾರು ಹನ್ನೆರಡು ಗಂಟೆ ಅದು ಕಣ್ಣ ಮೇಲಿರುತ್ತಿತ್ತು.

ಎಣಿಕೆಗೆ ಈ ವಿದ್ಯೆಯಲ್ಲಿ ಏಕೆ ಅಷ್ಟು ಮಹತ್ವ ಎಂಬುದಕ್ಕೂ ಇದೇ ಮಗುವಿನ ಪ್ರಸಂಗವಿದೆ. ಡಿಕಿ ಆಗಾಗ ಕನ್ನಡಕವನ್ನು ಎಸೆಯುತ್ತಿದ್ದ. ಎಸೆದ ಪ್ರತಿ ಸಲ ಹತ್ತು ನಿಮಿಷ ಅವನ ಕೋಣೆಯಲ್ಲಿ ಬಿಡತೊಡಗಿದರು. ಐದು ದಿನಗಳಲ್ಲಿ ಎಸೆತ ನಿಂತಿತು. ಆದರೆ ವಾರ್ಡಿನ ಸಿಬ್ಬಂದಿಗೆ ಇದರಿಂದಲೇ ನಿಂತಿತೆಂಬ ನಂಬಿಕೆಯಿಲ್ಲ, ಕೋಣೆಗೆ ಹೋಗಲು ಅವನಿಗೇನೂ ಬೇಸರವಿದ್ದಂತೆ ಕಾಣಲಿಲ್ಲ ಎಂದರು. ಸರಿ, ಆ ಕ್ರಮ ನಿಲ್ಲಿಸಿ ನೋಡಿದರು. ಎಸೆತ ಮರಳಿತು. ಮತ್ತೆ ಜಾರಿಗೆ ತಂದಾಗ ಮತ್ತೆ ಇಳಿಯಿತು. ಅನಿಸಿಕೆ ಒಂದು ಹೇಳುತ್ತಿತ್ತು, ಲೆಕ್ಕದ ಪುಸ್ತಕ ಇನ್ನೊಂದು ಹೇಳುತ್ತಿತ್ತು. ನೂರಾರು ಮಕ್ಕಳ ಸರಾಸರಿಯನ್ನು ನೆಚ್ಚದೆ, ಒಂದೇ ಮಗುವಿನಲ್ಲಿ ಕ್ರಮವನ್ನು ಹಾಕಿ, ತೆಗೆದು, ಮತ್ತೆ ಹಾಕಿ ಪರೀಕ್ಷಿಸುವ ಈ ಪದ್ಧತಿ ಎಬಿಎಯ ಬೆನ್ನೆಲುಬು. ವುಲ್ಫ್ 1968ರಲ್ಲಿ ಈ ಕ್ಷೇತ್ರದ ಮೊದಲ ನಿಯತಕಾಲಿಕದ ಸಂಪಾದಕರಾದರು. ಅದರ ಮೊದಲ ಸಂಚಿಕೆಯಲ್ಲೇ ಡೊನಾಲ್ಡ್ ಬೇರ್ ಮತ್ತು ರಿಸ್ಲಿ ಜತೆಗೂಡಿ ಬರೆದ ಲೇಖನದಲ್ಲಿ ಈ ವಿದ್ಯೆಗೆ ಏಳು ಲಕ್ಷಣಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದು: ಬದಲಿಸಲು ಹೊರಟ ನಡವಳಿಕೆ ಆ ವ್ಯಕ್ತಿಯ ಬದುಕಿಗೆ ನಿಜಕ್ಕೂ ಮುಖ್ಯವಾಗಿರಬೇಕು.

ಈಗ ನಮ್ಮ ಬೀದಿಗೆ ಬರೋಣ. ಸಂಜೆ ಅಪ್ಪನ ಜತೆ ಹೊರಟ ಹುಡುಗ ಬೇಕರಿಯ ಮುಂದೆ ನೆಲದ ಮೇಲೆ ಕೂತು ಕಿರುಚತೊಡಗುತ್ತಾನೆ. ಸುತ್ತಲಿನವರೆಲ್ಲ ನೋಡುತ್ತಾರೆ. ಅಪ್ಪ ಒಂದು ಕ್ರೀಮ್ ಬನ್ ಕೊಡಿಸುತ್ತಾನೆ. ಕಿರುಚಾಟ ನಿಲ್ಲುತ್ತದೆ. ಇಲ್ಲಿ ಕಲಿತವರು ಇಬ್ಬರು. ಕಿರುಚಿದರೆ ಬನ್ ಸಿಗುತ್ತದೆ ಎಂದು ಹುಡುಗ ಕಲಿತ. ನಡವಳಿಕೆಯ ನಂತರ ಬೇಕಾದದ್ದೊಂದು ಬಂದು ಆ ನಡವಳಿಕೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ. ಬನ್ ಕೊಡಿಸಿದರೆ ಮರ್ಯಾದೆ ಹೋಗುವ ಸದ್ದು ನಿಲ್ಲುತ್ತದೆ ಎಂದು ಅಪ್ಪ ಕಲಿತ. ಬೇಡವಾದದ್ದೊಂದು ತೊಲಗಿ ನಡವಳಿಕೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ಋಣಾತ್ಮಕ ಎಂದರೆ ಶಿಕ್ಷೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ, ಎರಡೂ ನಡವಳಿಕೆಯನ್ನು ಬೆಳೆಸುತ್ತವೆ. ಮುಂದಿನ ಸಂಜೆ ಹುಡುಗ ಇನ್ನೂ ಬೇಗ ಕಿರುಚುತ್ತಾನೆ, ಅಪ್ಪ ಇನ್ನೂ ಬೇಗ ಜೇಬಿಗೆ ಕೈ ಹಾಕುತ್ತಾನೆ. ಹುಡುಗನಿಗೆ ಹಟಮಾರಿ ಎಂದೋ ಅಪ್ಪನಿಗೆ ಮುದ್ದು ಮಾಡಿ ಕೆಡಿಸಿದವನೆಂದೋ ಹೆಸರಿಟ್ಟರೆ ಇಬ್ಬರಿಗೂ ದಾರಿ ಸಿಗುವುದಿಲ್ಲ. ಮೊದಲು ಏನಿತ್ತು, ಏನು ಮಾಡಿದ, ಆಮೇಲೆ ಏನಾಯಿತು ಎಂದು ಮೂರು ಕಾಲಂ ಎಳೆದು ಒಂದು ವಾರ ಬರೆದಿಟ್ಟರೆ ಸಿಗಬಹುದು. ಬೇಕರಿ ದಾರಿಯಲ್ಲಿ ಬರುವ ಮೊದಲೇ ಹುಡುಗನಿಗೆ ಹಸಿವಾಗಿತ್ತೆಂದು ಆ ಬರಹದಿಂದ ತಿಳಿದರೆ ಮನೆಯಿಂದ ಹೊರಡುವಾಗ ಒಂದು ಬಾಳೆಹಣ್ಣು ಕೊಟ್ಟರೆ ಮುಗಿಯಿತು.

ಒಂದೇ ಬಗೆಯ ನಡವಳಿಕೆಗೆ ಕಾರಣಗಳು ಬೇರೆ ಬೇರೆ. ಕೈ ಕಚ್ಚಿಕೊಳ್ಳುವ ಮೂರು ಮಕ್ಕಳಲ್ಲಿ ಒಬ್ಬಳಿಗೆ ಅಮ್ಮ ಓಡಿ ಬರಲೆಂಬ ಆಸೆ, ಇನ್ನೊಬ್ಬನಿಗೆ ಕೈಗೆ ಕೊಟ್ಟ ಕಷ್ಟದ ಕೆಲಸ ತಪ್ಪಿದರೆ ಸಾಕೆಂಬ ಆಸೆ, ಮತ್ತೊಬ್ಬನಿಗೆ ಯಾರೂ ಇಲ್ಲದಾಗಲೂ ಆ ಒತ್ತಡದಿಂದಲೇ ಸಿಗುವ ಏನೋ ನೆಮ್ಮದಿ. 1982ರಲ್ಲಿ ಬಾಲ್ಟಿಮೋರ್‌ನ ಕೆನಡಿ ಸಂಸ್ಥೆಯಲ್ಲಿ ಬ್ರಯನ್ ಇವಾಟ ಮತ್ತು ಸಂಗಡಿಗರು ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುತ್ತಿದ್ದ ಒಂಬತ್ತು ಜನರನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಗಮನಿಸಿದರು: ಗಮನ ಸಿಗುವ ಸನ್ನಿವೇಶ, ಕೆಲಸ ಕೊಡುವ ಸನ್ನಿವೇಶ, ಒಂಟಿಯಾಗಿರುವ ಸನ್ನಿವೇಶ, ಆಟದ ಸನ್ನಿವೇಶ. ಆರು ಜನರಲ್ಲಿ ಒಂದು ನಿರ್ದಿಷ್ಟ ಸನ್ನಿವೇಶದಲ್ಲೇ ಗಾಯ ಹೆಚ್ಚುವುದು ಸ್ಪಷ್ಟವಾಯಿತು. ಅಲ್ಲಿಂದ ಮುಂದೆ, ಈ ನಡವಳಿಕೆಯನ್ನು ಹೇಗೆ ನಿಲ್ಲಿಸುವುದು ಎಂದು ಕೇಳುವ ಮೊದಲು ಇದರಿಂದ ಮಗುವಿಗೆ ಏನು ಸಿಗುತ್ತಿದೆ ಎಂದು ಕೇಳುವುದು ರೂಢಿಯಾಯಿತು. ಆ ಪ್ರಶ್ನೆಗೂ ಮೊದಲಿನದು ಒಂದಿದೆ, ಮಗುವಿಗೆ ಎಲ್ಲಾದರೂ ನೋಯುತ್ತಿದೆಯೇ ಎಂಬುದು. ಮಾತು ಬಾರದ ಮಗು ಹಲ್ಲುನೋವನ್ನೋ ಕಿವಿಸೋರಿಕೆಯನ್ನೋ ಮಲಬದ್ಧತೆಯನ್ನೋ ತಲೆ ಚಚ್ಚಿಕೊಂಡೇ ಹೇಳಬೇಕಾಗಬಹುದು. ಥೆರಪಿ ಕೇಂದ್ರಕ್ಕೆ ಹೋಗುವ ಮೊದಲು ಮಕ್ಕಳ ವೈದ್ಯರ ಬಳಿ ಹೋಗಬೇಕಾದ ದಿನಗಳಿರುತ್ತವೆ.

ಸುಮ್ಮನೆ ನಿರ್ಲಕ್ಷಿಸಿ, ತಾನೇ ನಿಲ್ಲಿಸುತ್ತಾನೆ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಫಲ ಸಿಗದ ನಡವಳಿಕೆ ಕ್ರಮೇಣ ಇಳಿಯುತ್ತದೆಂಬುದು ನಿಜ. ಇಳಿಯುವ ಮೊದಲು ಕೆಲವು ದಿನ ಇನ್ನೂ ಜೋರಾಗಬಹುದೆಂಬುದೂ ನಿಜ. ಆದರೆ ಕೆಲಸ ತಪ್ಪಿಸಿಕೊಳ್ಳಲು ಕಿರುಚುವ ಮಗುವನ್ನು ನಿರ್ಲಕ್ಷಿಸಿದರೆ ಅದಕ್ಕೆ ಬೇಕಾದದ್ದನ್ನೇ ಕೊಟ್ಟಂತಾಯಿತು. ನೋವಿನಿಂದ ಅಳುವ ಮಗುವನ್ನು ನಿರ್ಲಕ್ಷಿಸುವುದು ಕ್ರೌರ್ಯ. ಕಾರಣ ತಿಳಿಯದೆ ಕೊಡುವ ಈ ಸಲಹೆಗೆ ಎಬಿಎಯ ಆಧಾರವಿಲ್ಲ.

1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇಡೀ ಚಿಂತನೆಯನ್ನು ಮಾನವೀಯ ದಿಕ್ಕಿಗೆ ತಿರುಗಿಸಿದರು. ಬೆಳವಣಿಗೆಯ ತೊಂದರೆಯಿದ್ದ, ತರಗತಿಯಲ್ಲಿ ಹೊಡೆಯುವುದು ಕಿರುಚುವುದು ಮಾಡುತ್ತಿದ್ದ ನಾಲ್ಕು ಮಕ್ಕಳಿಗೆ ಅವರು ಮಾತು ಕಲಿಸಿದರು. ಪಾಠ ಕಷ್ಟವಾದಾಗ ಗಲಾಟೆ ಮಾಡುತ್ತಿದ್ದವರಿಗೆ ತನಗೆ ಅರ್ಥವಾಗಲಿಲ್ಲ ಎಂದು ಹೇಳುವುದನ್ನು, ಗಮನಕ್ಕಾಗಿ ಗಲಾಟೆ ಮಾಡುತ್ತಿದ್ದವರಿಗೆ ತಾನು ಚೆನ್ನಾಗಿ ಮಾಡುತ್ತಿದ್ದೇನೆಯೇ ಎಂದು ಕೇಳುವುದನ್ನು. ಗಲಾಟೆ ಇಳಿಯಿತು. ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ. ಮಗುವಿನ ಗಲಾಟೆಯನ್ನು ಅದರ ಮಾತೆಂದೇ ತಿಳಿದು, ಅದೇ ಮಾತನ್ನು ಸುಲಭವಾಗಿ ಹೇಳುವ ದಾರಿ ತೋರಿಸುವುದು. ಮಾತು ಬಾರದಿದ್ದರೆ ಚಿತ್ರದ ಕಾರ್ಡು ಸಾಕು, ಕೈಸನ್ನೆ ಸಾಕು, ಟ್ಯಾಬ್ಲೆಟ್‌ನ ಒಂದು ಗುಂಡಿ ಸಾಕು. ಎಬಿಎಯಲ್ಲಿ ಒಂದೇ ಒಂದು ತಂತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ‘ಬೇಡ’ ಎನ್ನಲು ಕಲಿತ ಮಗುವಿಗೆ ಕಚ್ಚುವ ಅಗತ್ಯ ಕಡಿಮೆ. ಆ ‘ಬೇಡ’ಕ್ಕೆ ದೊಡ್ಡವರು ಬೆಲೆ ಕೊಡಬೇಕು, ಅಷ್ಟೇ.

ದಿನನಿತ್ಯದ ಕೆಲಸ ಕಲಿಸುವಾಗ ಕೆಲಸವನ್ನು ಬಿಡಿಬಿಡಿಯಾಗಿ ಬಿಚ್ಚುವುದೇ ಮುಖ್ಯ. ಕೈ ತೊಳೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಬರೆದು ನೋಡಿದರೆ ನಲ್ಲಿ ತಿರುಗಿಸುವುದರಿಂದ ಟವೆಲ್ ಮರಳಿ ನೇತುಹಾಕುವವರೆಗೆ ಹತ್ತಕ್ಕೂ ಹೆಚ್ಚು ಹಂತಗಳಿರುತ್ತವೆ. ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸುವಾಗ ಹಿಂದಿನಿಂದ ಶುರುಮಾಡುವುದು ಒಳ್ಳೆಯದು. ಮೊದಲ ದಿನಗಳಲ್ಲಿ ಅಮ್ಮನೇ ಎರಡೂ ಕಾಲು ತೂರಿಸಿ ತೊಡೆಯವರೆಗೆ ಎಳೆದು, ಸೊಂಟಕ್ಕೆ ಏರಿಸುವುದೊಂದನ್ನು ಮಗುವಿಗೆ ಬಿಡುತ್ತಾಳೆ. ಅದು ಬಂದ ಮೇಲೆ ಮೊಣಕಾಲಿನಿಂದ. ಆಮೇಲೆ ಪಾದದಿಂದ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ. ಅರ್ಧಕ್ಕೆ ಸೋತು ಕೈಬಿಟ್ಟ ಅನುಭವ ಅದಕ್ಕೆ ಸಿಗುವುದಿಲ್ಲ. ಸಹಾಯವನ್ನು ಕೊಡುವಷ್ಟೇ ಎಚ್ಚರದಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು: ಕೈ ಹಿಡಿದು ಮಾಡಿಸಿದ್ದು ಮೊಣಕೈ ಮುಟ್ಟುವುದಕ್ಕೆ, ಅದು ಬೆರಳು ತೋರಿಸುವುದಕ್ಕೆ, ಅದೂ ಸುಮ್ಮನೆ ಕಾಯುವುದಕ್ಕೆ ಇಳಿಯಬೇಕು. ನಮ್ಮ ಮನೆಗಳಲ್ಲಿ ಪ್ರೀತಿ ಹೆಚ್ಚು, ಕಾಯುವುದು ಕಡಿಮೆ. ಹತ್ತು ವರ್ಷದ ಮಗುವಿಗೂ ಅಜ್ಜಿ ತುತ್ತು ಕಲಸಿ ಬಾಯಿಗಿಡುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನನಗೆ ಕಷ್ಟ. ಆದರೆ ದಿನಕ್ಕೆ ಕೊನೆಯ ಎರಡು ತುತ್ತನ್ನಾದರೂ ಮಗುವಿನ ಕೈಗೆ ಬಿಡಲು ಅಜ್ಜಿಯನ್ನು ಒಪ್ಪಿಸಬಹುದು.

ಮಾತಿನ ವಿಷಯಕ್ಕೆ ಬಂದರೆ, ಕನ್ನಡದ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸನ್ನಿವೇಶವಿದೆ. ಬಾಯಾರಿದ ಮಗು ಅಮ್ಮನ ಬಳಿ ಬಂದು ‘ನೀರು ಬೇಕಾ?’ ಎನ್ನುತ್ತದೆ. ನೀರು ಸಿಕ್ಕ ಪ್ರತಿ ಸಲವೂ ಅದರ ಕಿವಿಗೆ ಮೊದಲು ಬಿದ್ದದ್ದು ಆ ಪ್ರಶ್ನೆಯೇ, ಹಾಗಾಗಿ ನೀರು ತರಿಸುವ ಮಾತೆಂದರೆ ಅದೇ ಎಂದು ಮಗು ಸರಿಯಾಗಿಯೇ ತರ್ಕಿಸಿದೆ. ಅದನ್ನು ತಿದ್ದಿ ಗದರಿದರೆ ಮಾತೇ ನಿಲ್ಲಬಹುದು. ಲೋಟ ಎತ್ತಿ ಹಿಡಿದು, ಮಗು ಹೇಳಬೇಕಾದ ರೂಪದಲ್ಲೇ ‘ನೀರು ಬೇಕು’ ಎಂದು ಅಮ್ಮ ಹೇಳಿ, ಮಗು ಅದರಲ್ಲಿ ಎಷ್ಟು ಹೇಳಿದರೂ ತಕ್ಷಣ ನೀರು ಕೊಟ್ಟರೆ ಆಯಿತು. ಸ್ಕಿನ್ನರ್ 1957ರ ತಮ್ಮ ಪುಸ್ತಕದಲ್ಲಿ ಕೇಳುವುದಕ್ಕೂ ಹೆಸರಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದ್ದರು. ಕಾರ್ಡಿನ ಮೇಲಿನ ಲೋಟ ನೋಡಿ ‘ನೀರು’ ಎನ್ನುವ ಮಗು ಬಾಯಾರಿದಾಗ ಕೇಳಲಾರದೆ ಹೋಗಬಹುದು. ಹಾಗಾಗಿ ಕಾರ್ಡಿಗಿಂತ ಬಾಯಾರಿಕೆಯ ಹೊತ್ತೇ ಒಳ್ಳೆಯ ಪಾಠದ ಹೊತ್ತು. ಬೆಟ್ಟಿ ಹಾರ್ಟ್ ಮತ್ತು ರಿಸ್ಲಿ ಕಾನ್ಸಾಸ್‌ನ ಶಿಶುವಿಹಾರದಲ್ಲಿ ಬೆಳೆಸಿದ ಕಲಿಸುವ ರೀತಿ ಇಂಥದ್ದು. ಮಗು ತಾನಾಗಿ ಏನನ್ನಾದರೂ ಬಯಸಿ ಕೈ ಚಾಚಿದ ಕ್ಷಣದಲ್ಲಿ ಒಂದು ಮಾತು ಹೆಚ್ಚು ಬರುವಂತೆ ಮಾಡುವುದು. ಮೇಜಿನ ಎದುರು ಕೂರಿಸಿ ಮುಟ್ಟು, ತೋರಿಸು, ಹೇಳು ಎಂದು ಸಾಲುಸಾಲಾಗಿ ಮಾಡಿಸುವ ಡಿಸ್ಕ್ರೀಟ್ ಟ್ರಯಲ್ ಪದ್ಧತಿಗೂ ಅದರದೇ ಜಾಗವಿದೆ. ಆದರೆ ಸೆಷನ್ನಿನ ಹೊತ್ತೆಲ್ಲ ಅದೇ ಆದರೆ ಏನೋ ತಪ್ಪಿದೆ.

ಕೇಂದ್ರದಲ್ಲಿ ಕಲಿತದ್ದು ಮನೆಗೆ ಬರುವುದಿಲ್ಲ ಎಂಬುದು ಹೆತ್ತವರ ಅತಿ ದೊಡ್ಡ ದೂರು. 1977ರಲ್ಲಿ ಟ್ರೆವರ್ ಸ್ಟೋಕ್ಸ್ ಮತ್ತು ಬೇರ್ ಎಚ್ಚರಿಸಿದ್ದು ಇದನ್ನೇ. ಒಂದು ಕಡೆ ಕಲಿಸಿ, ಎಲ್ಲ ಕಡೆಯೂ ಬರುತ್ತದೆಂದು ಆಸೆಪಟ್ಟರೆ ಸಾಲದು, ಬೇರೆ ಜಾಗ ಬೇರೆ ಜನ ಬೇರೆ ವಸ್ತುಗಳ ಜತೆಗೂ ಕಲಿಸುವ ಏರ್ಪಾಡಿರಬೇಕು. ನಮ್ಮಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಬೆಂಗಳೂರಿನ ಎಷ್ಟೋ ಕಡೆ ಥೆರಪಿ ನಡೆಯುವುದು ಇಂಗ್ಲಿಷಿನಲ್ಲಿ. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲೂ ಇಂಗ್ಲಿಷೇ ಆಡಿ ಎಂಬ ಸಲಹೆಯೂ ಜತೆಗೆ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುತ್ತದೆಂದು ಅಧ್ಯಯನಗಳು ಕಂಡಿಲ್ಲ. ಹಾನಿಯಾಗುವುದು ಅಜ್ಜಿಯ ಜತೆ ಮಾತಿಲ್ಲದಂತಾದಾಗ, ಬೀದಿಯ ಮಕ್ಕಳು ಕರೆದರೆ ತಿಳಿಯದಂತಾದಾಗ. ‘ಬಾ’, ‘ಕೊಡು’, ‘ಬೇಡ’, ‘ಸಾಕು’ ಎಂಬ ಮಾತುಗಳು ಮನೆಯ ಭಾಷೆಯಲ್ಲಿ ಮೊದಲು ಬರಬೇಕು. ಕನ್ನಡ, ತುಳು, ಕೊಂಕಣಿ, ಉರ್ದು, ಯಾವುದಾದರೂ ಸರಿ.

ಇನ್ನು ಈ ವಿದ್ಯೆಯ ಗಾಯದ ಭಾಗ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಐವರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನವೇ ಎಬಿಎಯನ್ನು ಜಗತ್ತಿಗೆ ಪರಿಚಯಿಸಿತು. ವಾರಕ್ಕೆ ನಲವತ್ತು ಗಂಟೆಯಂತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಲಿಸಿದ ಹತ್ತೊಂಬತ್ತು ಪುಟ್ಟ ಮಕ್ಕಳಲ್ಲಿ ಒಂಬತ್ತು ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿ ದಾಟಿದರು ಎಂದು ಅದು ಹೇಳಿತು. ಮಗು ಎಂದಿಗೂ ಕಲಿಯದು ಎಂದು ಕೇಳಿಸಿಕೊಂಡಿದ್ದ ಹೆತ್ತವರಿಗೆ ಇದು ಎಂಥ ಬೆಳಕಾಗಿ ಕಂಡಿರಬೇಕು! ಆದರೆ ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಚೀಟಿ ಎತ್ತಿ ಅಲ್ಲ. ಗದರುವುದು, ತೊಡೆಗೆ ಹೊಡೆಯುವುದೂ ಚಿಕಿತ್ಸೆಯ ಭಾಗವಾಗಿತ್ತು. ಗೆಲುವಿನ ಅಳತೆಯೂ ಬುದ್ಧಿಮಾಪನ ಮತ್ತು ತರಗತಿ. ಮಗು ಇತರರಂತೆ ಕಾಣುವುದೇ ಗುರಿಯಾದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ, ಸುಮ್ಮನೆ ಕೂರು ಎಂಬ ಪಾಠಗಳು ಬಂದವು. ಆಟಿಸಂ ಇರುವ ಅನೇಕರಿಗೆ ಕೈ ಆಡಿಸುವುದು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳುವ ದಾರಿ; ಇನ್ನೊಬ್ಬರ ಕಣ್ಣು ನೋಡುತ್ತಲೇ ಅವರ ಮಾತು ಕೇಳುವುದು ಕೆಲವರಿಗೆ ಅಸಾಧ್ಯ. ಹಾಗೆ ತರಬೇತಾಗಿ ಬೆಳೆದವರು ದೊಡ್ಡವರಾದ ಮೇಲೆ ಮಾತಾಡಿದ್ದಾರೆ, ಬರೆದಿದ್ದಾರೆ. ತಾವಲ್ಲದವರಂತೆ ನಟಿಸುವುದನ್ನು ಕಲಿತದ್ದರ ದಣಿವನ್ನು ಹೇಳಿದ್ದಾರೆ. ಕೆನಡಾದ ಸಂಶೋಧಕಿ, ಸ್ವತಃ ಆಟಿಸಂ ಇರುವ ಮಿಷೆಲ್ ಡಾಸನ್ 2004ರಲ್ಲೇ ಈ ಕ್ಷೇತ್ರದ ನೈತಿಕತೆಯನ್ನು ನೇರವಾಗಿ ಪ್ರಶ್ನಿಸಿ ಬರೆದರು. ಮೆಸಾಚುಸೆಟ್ಸ್‌ನ ಜಡ್ಜ್ ರೋಟನ್‌ಬರ್ಗ್ ಕೇಂದ್ರದಲ್ಲಿ ಚರ್ಮಕ್ಕೆ ವಿದ್ಯುತ್ ಆಘಾತ ಕೊಡುವ ಸಾಧನವನ್ನು ನಡವಳಿಕೆ ತಿದ್ದಲು ದಶಕಗಳ ಕಾಲ ಬಳಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇರಿದ ನಿಷೇಧವನ್ನು ಮರುವರ್ಷ ನ್ಯಾಯಾಲಯ ರದ್ದು ಮಾಡಿತು, 2024ರಲ್ಲಿ ಸಂಸ್ಥೆ ಮತ್ತೆ ನಿಷೇಧ ಪ್ರಸ್ತಾಪಿಸಿತು. ಎಬಿಎ ವೃತ್ತಿಪರರ ಅಂತರರಾಷ್ಟ್ರೀಯ ಸಂಘ ಈ ಆಘಾತವನ್ನು ವಿರೋಧಿಸಿ ನಿಲುವು ತಳೆದದ್ದು 2022ರಲ್ಲಿ. ಅಷ್ಟು ತಡವಾದದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಅದೇ ಕ್ಷೇತ್ರದೊಳಗಿಂದಲೇ ಬಂದ ಇನ್ನೊಂದು ದನಿಯೂ ಇದೆ, ಡಿಕಿಗೆ ಕನ್ನಡಕ ಹಾಕಿಸಿದ ವುಲ್ಫ್ ಅವರದೇ. 1978ರಲ್ಲಿ ಅವರು ಬರೆದ ಲೇಖನದ ತಿರುಳು ಇಷ್ಟು: ಗುರಿ ಒಪ್ಪಿಗೆಯೇ, ಬಳಸಿದ ವಿಧಾನ ಒಪ್ಪಿಗೆಯೇ, ಫಲದಿಂದ ತೃಪ್ತಿಯೇ ಎಂದು ಆ ಚಿಕಿತ್ಸೆಯ ಪರಿಣಾಮ ಅನುಭವಿಸುವವರನ್ನೇ ಕೇಳಬೇಕು. ಎಣಿಕೆಯನ್ನೇ ನೆಚ್ಚಿದ್ದ ವಿಜ್ಞಾನಕ್ಕೆ ಜನರ ಅಭಿಪ್ರಾಯವನ್ನೂ ಅಳೆಯಿರಿ ಎಂದದ್ದು ಸಣ್ಣ ಮಾತಲ್ಲ. ಇಂದು ಒಳ್ಳೆಯ ಚಿಕಿತ್ಸಕರು ಮಾತು ಬಾರದ ಮಗುವಿನ ಒಪ್ಪಿಗೆಯನ್ನೂ ಓದುತ್ತಾರೆ. ಕೋಣೆಗೆ ತಾನಾಗಿ ಬರುತ್ತದೆಯೇ, ಕೈ ಎಳೆದುಕೊಳ್ಳುತ್ತದೆಯೇ, ಬಾಗಿಲ ಕಡೆ ನೋಡುತ್ತದೆಯೇ ಎಂದು ಗಮನಿಸಿ, ಬೇಡವೆಂದರೆ ನಿಲ್ಲಿಸುತ್ತಾರೆ. 2020ರಲ್ಲಿ ಪುಟ್ಟ ಮಕ್ಕಳ ಆಟಿಸಂ ಚಿಕಿತ್ಸೆಗಳ 150 ವರದಿಗಳನ್ನು ಒಟ್ಟಿಗೆ ತೂಗಿದ ಪರಿಶೀಲನೆಯಲ್ಲಿ, ಆಟ ಮತ್ತು ದಿನಚರಿಯ ಒಳಗೇ ಕಲಿಸುವ ವಿಧಾನಗಳಿಗೆ ಹಳೆಯ ಮೇಜಿನ ಪದ್ಧತಿಗಿಂತ ಗಟ್ಟಿಯಾದ ಪುರಾವೆ ಕಂಡುಬಂತು.

ನಮ್ಮ ನಾಡಿಗೆ ಈ ವಿದ್ಯೆ ನಿನ್ನೆ ಮೊನ್ನೆ ಬಂದದ್ದಲ್ಲ. ಸಿಕಂದರಾಬಾದಿನಲ್ಲಿರುವ ಬೌದ್ಧಿಕ ಅಸಾಮರ್ಥ್ಯದ ರಾಷ್ಟ್ರೀಯ ಸಂಸ್ಥೆಯಲ್ಲಿ ರೀತಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲೇ ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಶಿಕ್ಷಕರಿಗಾಗಿ ನಡವಳಿಕೆ ವಿಧಾನದ ಕೈಪಿಡಿಯನ್ನೂ ಭಾರತೀಯ ಮಕ್ಕಳಿಗೆ ಹೊಂದುವ ಅಳತೆಪಟ್ಟಿಯನ್ನೂ ರೂಪಿಸಿದರು. ವೆಂಕಟೇಶನ್ ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಒಂದು. ವಾರಕ್ಕೆ ನಲವತ್ತು ಗಂಟೆಯ ಲೆಕ್ಕ ಮಾತ್ರ ಇಲ್ಲಿನ ಮನೆಗಳ ಆದಾಯಕ್ಕೆ, ದೂರಕ್ಕೆ, ಬಸ್ಸಿನ ವೇಳೆಗೆ ಹೊಂದುವುದೇ ಇಲ್ಲ. ಆ ಲೆಕ್ಕಕ್ಕಾಗಿ ಸಾಲ ಮಾಡುವ, ಕೆಲಸ ಬಿಡುವ ತಾಯಂದಿರಿಗೆ ನಾನು ಗೌರವದಿಂದ ಹೇಳುವುದೆಂದರೆ, ಗಂಟೆ ಹೆಚ್ಚಾದಷ್ಟೂ ಫಲ ಹೆಚ್ಚು ಎಂಬುದು ಸಾಬೀತಾದ ಸತ್ಯವಲ್ಲ. ನಡವಳಿಕೆ ಚಿಕಿತ್ಸೆಯ ಪರಂಪರೆಗೆ ಸೇರದ, ಆದರೆ ಈ ಪ್ರಶ್ನೆಗೆ ಉತ್ತರದಂತಿರುವ ಒಂದು ಪ್ರಯೋಗ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು 65 ಮಕ್ಕಳ ಕುಟುಂಬಗಳ ಪೈಕಿ ಅರ್ಧದಷ್ಟು ಕುಟುಂಬಗಳಲ್ಲಿ ಮಗುವಿನ ಜತೆ ಒಡನಾಡುವ ಬಗೆಯನ್ನು ತಂದೆ ತಾಯಿಗೆ ಕಲಿಸಿದರು. ಆ ಹೆತ್ತವರು ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿ ಮಾತುಕತೆ ಶುರುಮಾಡುವುದೂ ಹೆಚ್ಚಿತು.

ಕೇಂದ್ರವೊಂದನ್ನು ಆಯ್ದುಕೊಳ್ಳುವವರು ಮೊದಲು ಕೂತು ನೋಡಲು ಕೇಳಬೇಕು. ಹೆತ್ತವರನ್ನು ಒಳಗೆ ಬಿಡದ ಬಾಗಿಲಿನ ಹಿಂದೆ ಮಗುವನ್ನು ಬಿಡಬಾರದು. 2021ರ ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಕಾಯ್ದೆಯ ಪಟ್ಟಿಯಲ್ಲಿ ಬಿಹೇವಿಯರಲ್ ಅನಲಿಸ್ಟ್ ಹೆಸರು ಸೇರಿದೆ. ಆದರೂ ಬೋರ್ಡು ಹಾಕಿಕೊಂಡವರೆಲ್ಲ ಆ ಕೆಲಸದ ತರಬೇತಿ ಪಡೆದವರಲ್ಲ. ಮಗುವಿನ ಜತೆ ದಿನವೂ ಕೂರುವವರು ಎಲ್ಲಿ ಕಲಿತವರು, ಅವರ ಕೆಲಸವನ್ನು ಯಾರು ನೋಡುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಈ ತಿಂಗಳ ಮೂರು ಗುರಿಗಳು ಯಾವುವು, ಅವು ಮಗುವಿಗೆ ಏಕೆ ಬೇಕು? ಕೇಳಿದ ಮೇಲೆ ‘ಕಣ್ಣು ನೋಡುವುದು’, ‘ಸುಮ್ಮನೆ ಕೂರುವುದು’ ಎಂಬ ಉತ್ತರ ಬಂದರೆ ಅವುಗಳ ಜಾಗದಲ್ಲಿ ಶೌಚಕ್ಕೆ ಹೇಳುವುದು, ನೋವು ತೋರಿಸುವುದು, ರಸ್ತೆ ದಾಟುವಾಗ ನಿಲ್ಲುವುದು ಬರೆಸಿ. ಮಗು ಅತ್ತಾಗ ಏನು ಮಾಡುತ್ತೀರಿ ಎಂದು ಕೇಳಿ. ಊಟದ ಡಬ್ಬಿಯನ್ನು ಬಹುಮಾನವಾಗಿ ಬಳಸುವುದಿಲ್ಲವೆಂದು ಹೇಳಿಸಿಕೊಳ್ಳಿ. ಎಣಿಕೆಯ ಪುಸ್ತಕ ತೋರಿಸಲು ಹೇಳಿ. ಆರು ವಾರ ಎಣಿಕೆ ಅಲ್ಲೇ ನಿಂತಿದ್ದರೆ ಬದಲಾಗಬೇಕಾದದ್ದು ಕಲಿಸುವ ರೀತಿ. ಮತ್ತು ಸೇರಿಸುವ ದಿನವೇ, ಈ ಗುರಿಗಳು ಮುಟ್ಟಿದ ಮೇಲೆ ಸೆಷನ್‌ಗಳು ಎಷ್ಟು ಇಳಿಯುತ್ತವೆ, ಯಾವ ಹಂತದಲ್ಲಿ ನಿಲ್ಲುತ್ತವೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.